ಒಳಮನೆಯ ಗಾಳಿಗೂ ಅಳತೆಯಾಗಲಿ

ಹೈದರಾಬಾದಿನ ತಾರ್ನಾಕದಿಂದ ಉಪ್ಪಲ್ ಕಡೆಗೆ ಸಾಗುವ ರಸ್ತೆಯಲ್ಲಿ ದೇಶದ ಹೆಸರಾಂತ ವಿಜ್ಞಾನ ಸಂಸ್ಥೆಗಳು ಒತ್ತೊತ್ತಾಗಿ ನೆಲೆಗೊಂಡಿವೆ. ನಿಜಾಮರ ಕಾಲದಲ್ಲಿ, 1944ರಲ್ಲಿ, ಪ್ರಯೋಗಶಾಲೆಯಾಗಿ ಹುಟ್ಟಿ ಇಂದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆನಿಸಿರುವುದು ಅಲ್ಲಿಯೇ ಇದೆ. ಅದರ ಆವರಣದಲ್ಲಿ, ವಾಯು ಮತ್ತು ಜಲ ಪರೀಕ್ಷೆಗೆ ಹೆಸರಾದ ನಾಗಪುರದ ‘ನೀರಿ’ ಸಂಸ್ಥೆಯ ವಲಯ ಕೇಂದ್ರವಿದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಾರಣ ವಿದ್ಯೆಗೋ ಉದ್ಯೋಗಕ್ಕೋ ಬಂದು ಇಲ್ಲಿಯವರೇ ಆಗಿಹೋದ ಕನ್ನಡ ಕುಟುಂಬಗಳಿಗೆ ಈ ಸಂಸ್ಥೆಗಳ ನಾಮಫಲಕಗಳು ನಿತ್ಯ ಪರಿಚಿತ. ಆದರೆ ಆ ಫಲಕಗಳ ಹಿಂದಿರುವ ವಿದ್ಯೆಗೂ ತಮ್ಮ ಮಲಗುವ ಕೋಣೆಗೂ ಸಂಬಂಧವುಂಟೆಂದು ಬಹುಮಂದಿ ಭಾವಿಸಿದಂತಿಲ್ಲ.

ಇಲ್ಲಿ ಪ್ರಸ್ತಾಪಿಸಬೇಕಾದುದು ಗಾಳಿಯಲ್ಲಿ ಬೆರೆತ ಸಾವಯವ ಮಾಲಿನ್ಯಗಳನ್ನು. ‘ಸಾವಯವ’ ಎಂದೊಡನೆ ಈಗಿನ ಗೃಹಿಣಿಯರಿಗೆ ದುಬಾರಿ ತರಕಾರಿ ನೆನಪಾಗಬಹುದು. ರಸಾಯನಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಇಂಗಾಲದಿಂದ ರಚಿತವಾಗಿ, ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುವ ಬೆಂಜೀನ್, ಟಾಲ್ವೀನ್, ಫಾರ್ಮಾಲ್ಡಿಹೈಡ್ ಮೊದಲಾದವು ಈ ವರ್ಗದವು. ಬೆಂಜೀನ್ ಪೆಟ್ರೋಲಿನಲ್ಲಿದೆ, ಫಾರ್ಮಾಲ್ಡಿಹೈಡ್ ಪ್ಲೈವುಡ್ಡಿನ ಅಂಟಿನಿಂದ ತಿಂಗಳುಗಟ್ಟಲೆ ಹೊರಸೂಸುತ್ತದೆ. ಇವೆರಡೂ ಮನುಷ್ಯರಲ್ಲಿ ಅರ್ಬುದ ರೋಗವನ್ನುಂಟುಮಾಡುವುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಹಬ್ಬಕ್ಕೆ ಬಳಿಸಿದ ಬಣ್ಣ, ಹೊಸ ಕಪಾಟು, ದೇವರ ಮುಂದಿನ ಊದುಬತ್ತಿ, ರೇಷ್ಮೆ ಸೀರೆಗಳ ನಡುವಿನ ಡಾಂಬರು ಗುಳಿಗೆ, ಇವೆಲ್ಲ ತಮ್ಮ ತಮ್ಮ ಪಾಲನ್ನು ಕೋಣೆಯ ಗಾಳಿಗೆ ಸೇರಿಸುತ್ತಲೇ ಇರುತ್ತವೆ. ಮೈಸೂರಿನ ಊದುಬತ್ತಿಯೆಂದ ಮಾತ್ರಕ್ಕೆ ಅದರ ಹೊಗೆಗೆ ವಿನಾಯಿತಿಯಿಲ್ಲ.

ಡಾಂಬರು ಗುಳಿಗೆಯ ವಿಷಯವನ್ನು ತುಸು ವಿಸ್ತರಿಸಿಯೇ ಹೇಳಬೇಕು. ಅದರಲ್ಲಿರುವ ನ್ಯಾಫ್ತಲೀನ್ ಗಾಳಿಯಲ್ಲಿ, ವಾರ್ಷಿಕ ಸರಾಸರಿಯಲ್ಲಿ, ಘನಮೀಟರಿಗೆ 10 ಮೈಕ್ರೋಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಸೂಚಿಸಿತು. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುವನ್ನು ಈ ಗುಳಿಗೆಯ ನಡುವೆ ಕಾದಿರಿಸಿದ್ದ ಬಟ್ಟೆಯಲ್ಲಿ ಸುತ್ತಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ತಲೆದೋರಬಹುದು. ಅಜ್ಜಿಯ ಪೆಟ್ಟಿಗೆಯಿಂದ ಹೊರತೆಗೆದ ಮೃದುವಾದ ಹಳೆಯ ಸೀರೆಯನ್ನೇ ಹಸುಳೆಗೆ ಹೊದಿಸುವುದು ಕನ್ನಡಿಗರ ಸಂಪ್ರದಾಯ. ಆ ಸಂಪ್ರದಾಯದಲ್ಲಿ ದೋಷವಿಲ್ಲ. ಬಟ್ಟೆಯನ್ನು ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಹರವಿದ ಮೇಲೆ ಬಳಸುವುದು ಮಾತ್ರ ಅವಶ್ಯ. ತಾಯಂದಿರಿಗೆ ಇದನ್ನು ಪ್ರಸೂತಿಗೃಹಗಳಲ್ಲಿಯೇ ತಿಳಿಸತಕ್ಕದ್ದು.

ಇಂತಹ ಆವಿಗಳನ್ನು ಮೂಗು ಅಳೆಯಲಾರದು. ವಾಸನೆ ಅಡಗಿತೆಂದರೆ ವಿಷವೂ ಅಡಗಿತೆಂಬುದು ಭ್ರಮೆ. ಅಳೆಯುವ ಕ್ರಮ ಮಾತ್ರ ತಿಳಿಯಲು ಕಠಿಣವೇನಲ್ಲ. ಬೆರಳುದ್ದದ ನಳಿಕೆಯೊಂದರಲ್ಲಿ ಇದ್ದಿಲನ್ನೋ ಟೆನಾಕ್ಸ್ ಎಂಬ ಪುಡಿಯನ್ನೋ ತುಂಬಿ, ಪುಟ್ಟ ಪಂಪಿನಿಂದ ನಿರ್ದಿಷ್ಟ ಪ್ರಮಾಣದ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಆವಿಗಳು ಅಲ್ಲಿ ಅಂಟಿಕೊಳ್ಳುತ್ತವೆ. ಬಳಿಕ ಪ್ರಯೋಗಶಾಲೆಯಲ್ಲಿ ಅವನ್ನು ಬಿಡಿಸಿ, ಗ್ಯಾಸ್ ಕ್ರೊಮಟೊಗ್ರಾಫ್ ಯಂತ್ರದಲ್ಲಿ ಒಂದೊಂದನ್ನೇ ಬೇರ್ಪಡಿಸಿ ತೂಗುತ್ತಾರೆ. ಪಂಪಿಲ್ಲದೆ, ಗೋಡೆಗೆ ತೂಗುಹಾಕಿ ಕೆಲವು ದಿನ ಬಿಡಬಹುದಾದ ಬಿಲ್ಲೆಗಳೂ ಉಂಟು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ದೊರೆಯುವ ಮಿನುಗುಪೆಟ್ಟಿಗೆಗಳಾದರೋ ಎಲ್ಲ ಆವಿಗಳನ್ನೂ ಒಟ್ಟುಗೂಡಿಸಿ ಒಂದೇ ಅಂಕಿ ತೋರಿಸುತ್ತವೆ. ಕಿತ್ತಳೆ ಸುಲಿದರೂ ಅಂಕಿ ಏರೀತು! ಖಾತೆಗಳ ವಿವರವಿಲ್ಲದೆ ಕೇವಲ ಒಟ್ಟು ಮೊತ್ತವನ್ನು ತೋರಿಸುವ ಅಢಾವೆ ಪತ್ರಿಕೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಹೊರಗಿನ ಗಾಳಿಯೇ ಕೆಟ್ಟಿರುವಾಗ ಒಳಗಿನದನ್ನು ಅಳೆದು ಫಲವೇನೆಂಬ ಪ್ರಶ್ನೆ ಸಹಜವಾದುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1980ರ ದಶಕದ ಆರಂಭದಲ್ಲಿಯೇ ಇದಕ್ಕೆ ಉತ್ತರ ಹುಡುಕಿತು. ನ್ಯೂಜೆರ್ಸಿ ಮುಂತಾದೆಡೆಗಳ ನೂರಾರು ನಾಗರಿಕರ ಮೈಗೆ ನಳಿಕೆ-ಪಂಪುಗಳನ್ನು ತೊಡಿಸಿ, ಅದೇ ವೇಳೆ ಅವರ ಮನೆಯಂಗಳದ ಗಾಳಿಯನ್ನೂ ಅಳೆದುನೋಡಲಾಯಿತು. ರಾಸಾಯನಿಕ ಕಾರ್ಖಾನೆಗಳ ನೆರೆಯಲ್ಲಿಯೂ, ಅನೇಕ ಆವಿಗಳು ಹೊರಗಿಗಿಂತ ಒಳಗೇ ಎರಡರಿಂದ ಐದು ಪಟ್ಟು ಹೆಚ್ಚಾಗಿದ್ದುವು. ಅಂಗಳದ ಚಿಮಣಿಗಿಂತ ಅಟ್ಟದ ಮೇಲಿನ ಡಬ್ಬಿಯೇ ಅಧಿಕ ದೋಷಿಯೆಂಬ ಈ ಫಲಿತಾಂಶ ತಜ್ಞರನ್ನೂ ಬೆರಗುಗೊಳಿಸಿತು.

ಭಾರತದ ಕಾನೂನು ಇನ್ನೂ ಅಂಗಳದಲ್ಲಿಯೇ ನಿಂತಿದೆ. 2009ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಗುಣಮಟ್ಟದ ಪಟ್ಟಿಯಲ್ಲಿ ಹನ್ನೆರಡು ಮಾಲಿನ್ಯಗಳಿವೆ. ಅವುಗಳಲ್ಲಿ ಬೆಂಜೀನಿಗೆ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಮ್. ಹೊಗೆಯಲ್ಲಿನ ಬೆಂಜೋಪೈರೀನಿಗೆ 1 ನ್ಯಾನೋಗ್ರಾಮ್. ಇದು ಶ್ಲಾಘನೀಯವೇ ಸರಿ. ಆದರೆ 2015ರಿಂದ ಜನರ ಮುಂದಿಡಲಾಗುತ್ತಿರುವ ವಾಯು ಗುಣಮಟ್ಟ ಸೂಚ್ಯಂಕದ ಲೆಕ್ಕಕ್ಕೆ ಎಂಟೇ ಮಾಲಿನ್ಯಗಳು ಸೇರಿವೆ. ಬೆಂಜೀನ್ ಆ ಎಂಟರಲ್ಲಿಲ್ಲ. ಪತ್ರಿಕೆಯಲ್ಲಿ ‘ಸಮಾಧಾನಕರ’ ಎಂದು ಓದಿ ನೆಮ್ಮದಿಗೊಂಡ ವಾಚಕನಿಗೆ ಇದು ತಿಳಿಯದು. ವಾಸದ ಮನೆ, ಶಾಲೆ, ಸಭಾಂಗಣಗಳ ಒಳಗಾಳಿಗಂತೂ ಶಾಸನಬದ್ಧ ಮಿತಿಯೇ ಇಲ್ಲ. ಜಪಾನಿನಲ್ಲಿ 2003ರಲ್ಲಿಯೇ ಕಟ್ಟಡ ಕಾನೂನನ್ನು ತಿದ್ದಿ ಫಾರ್ಮಾಲ್ಡಿಹೈಡ್ ಸೂಸುವ ಸಾಮಗ್ರಿಗಳ ಬಳಕೆಗೆ ಕಡಿವಾಣ ಹಾಕಲಾಯಿತು.

ಅನ್ಯರ ಮನೆಯೊಳಗೆ ಸರ್ಕಾರ ಹೇಗೆ ಯಂತ್ರ ತಂದಿಟ್ಟೀತೆಂದು ಆಕ್ಷೇಪಿಸುವವರಿದ್ದಾರೆ. ಒಪ್ಪಿಗೆ ಕೇಳಿದರೆ ಜನ ಬಾಗಿಲು ತೆರೆಯುತ್ತಾರೆ. ನಿಜಾಮಾಬಾದ್, ವರಂಗಲ್, ರಂಗಾರೆಡ್ಡಿ ಜಿಲ್ಲೆಗಳ 420 ಗ್ರಾಮೀಣ ಮನೆಗಳಲ್ಲಿ ಅಡುಗೆಹೊಗೆಯ ಸೂಕ್ಷ್ಮ ಕಣಗಳನ್ನು ಅಳೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅನಿಲದೊಲೆಯ ಮನೆಗಳಲ್ಲಿ ದಿನದ ಸರಾಸರಿ 73 ಮೈಕ್ರೋಗ್ರಾಮ್ ಇದ್ದರೆ, ಸೌದೆ-ಬೆರಣಿಯ ಮನೆಗಳಲ್ಲಿ ಅದು 732ರವರೆಗೆ ಮುಟ್ಟಿತ್ತು. ಹಳ್ಳಿಯ ಬಡ ಗೃಹಿಣಿ ತನ್ನ ಒಲೆಯ ಬಳಿ ಪಂಪಿಡಲು ಸಮ್ಮತಿಸಿರುವಾಗ, ಕಿಟಕಿ ಬಿಗಿದು ಹವಾನಿಯಂತ್ರಕ ಹಾಕಿಕೊಂಡ ತಾರ್ನಾಕದ ವಿದ್ಯಾವಂತ ಸಂಸಾರವು ಸಂಕೋಚಪಡಲು ಕಾರಣವಿಲ್ಲ. ಅಳತೆಯ ವೆಚ್ಚ ಒಂದು ಕುಟುಂಬಕ್ಕೆ ಭಾರವೆಂಬುದು ನಿಜ. ಆದಕಾರಣವೇ ಇದು ಸಂಘಗಳು ಕೈಗೆತ್ತಿಕೊಳ್ಳತಕ್ಕ ಕಾರ್ಯ.

ಮಹಾನಗರಗಳ ಕನ್ನಡ ಸಂಘಗಳಲ್ಲಿ ಅನೇಕವು ಸಭಾಭವನಗಳನ್ನೋ ಶಾಲೆಗಳನ್ನೋ ನಡೆಸುತ್ತಿವೆ. ಅವು ಬಣ್ಣ ಬಳಿಸುವ ಮೊದಲು ಒಮ್ಮೆ, ಬಳಿಸಿದ ತಿಂಗಳ ನಂತರ ಮತ್ತೊಮ್ಮೆ, ಒಳಗೆರಡು ನಳಿಕೆ, ಮಾಳಿಗೆಯ ಮೇಲೊಂದು ನಳಿಕೆಯಿಟ್ಟು ಮಾನ್ಯತೆ ಪಡೆದ ಪ್ರಯೋಗಶಾಲೆಯಿಂದ ಪರೀಕ್ಷೆ ಮಾಡಿಸಬಹುದು. ಬಂದ ಅಂಕಿಗಳನ್ನು ವಾರ್ಷಿಕ ಸಭೆಯಲ್ಲಿ ಜಮಾ-ಖರ್ಚಿನ ತಖ್ತೆಯೊಡನೆ ಸದಸ್ಯರ ಮುಂದಿರಿಸಬಹುದು. ಮಕ್ಕಳು ಕುಳಿತು ಕಲಿಯುವ ಕೊಠಡಿಗಳಿಂದಲೇ ಇದು ಮೊದಲಾಗಲಿ. ವೇದಿಕೆಯ ಸರದಿ ಆಮೇಲೆ ಬಂದರೂ ನಡೆದೀತು.