ಅವನಿಗೆ 'ಏಕೋ ಏನೋ' ಅನ್ನಿಸಿತಂತೆ!

ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಗೋಪಿ ಸರ್ಕಲ್ ಹತ್ತಿರ ಕಾಫಿ ಕುಡೀತಾ ಗೆಳೆಯನೊಬ್ಬ ತಾನು ಬರೆದ ಕತೆ ಓದೋಕೆ ಕೊಟ್ಟ. ಬೆಂಗಳೂರಿನ ಹುಡುಗನೊಬ್ಬ ಮೊದಲ ಸಲ ಭದ್ರಾವತಿಗೆ ಬರ್ತಾನೆ. ಪೇಪರ್ ಟೌನಿನ ಖಾಲಿ ಕ್ವಾರ್ಟರ್ಸ್ ಮುಂದೆ ನಿಲ್ತಾನೆ. ತಣ್ಣನೆ ಗಾಳಿ, ಗೂಬೆ, ಕಿರುಗುಟ್ಟುವ ಬಾಗಿಲು... 'ಏಕೋ ಏನೋ' ಈ ಜಾಗಕ್ಕೂ ತನಗೂ ಯಾವುದೋ ಜನ್ಮದ ನಂಟಿದೆ ಅಂತ ಅವನಿಗೆ ಅನ್ನಿಸುತ್ತೆ. ಅಲ್ಲಿಂದ ಮುಂದೆ ಎಲ್ಲವೂ ತಾನಾಗೇ ಗೊತ್ತಾಗ್ತಾ ಹೋಗುತ್ತೆ!

ಚೆನ್ನಾಗಿಲ್ಲ ಅಂದೆ. ಮುಖ ಊದಿಸಿಕೊಂಡ. "ಅದು ಇಂಟ್ಯೂಷನ್ ಮಾರಾಯ, ಅದಕ್ಕೆಲ್ಲ ಕಾರಣ ಕೇಳಬಾರದು" ಅಂದ. ಯಾಕೆ ಸ್ವಾಮಿ ಕೇಳಬಾರದು?

ಆ ಕ್ವಾರ್ಟರ್ಸ್ ಮೈಸೂರು ಪೇಪರ್ ಮಿಲ್ಸ್ ನೌಕರರದ್ದು. 1936ರಲ್ಲಿ ಸ್ಥಾಪನೆಯಾದ ಕಾರ್ಖಾನೆ, 2015ರಲ್ಲಿ ಉತ್ಪಾದನೆ ನಿಂತಿತು. ಬಿದಿರು, ನೀಲಗಿರಿ ಬೇಯಿಸಿ ಪಲ್ಪ್ ಮಾಡುವ ಕಡೆ ಗಂಧಕದ ಅನಿಲಗಳು ಹೊರಟು ಕೊಳೆತ ಕೋಸಿನಂಥ ವಾಸನೆ ಬರುತ್ತೆ. ಚಿಕ್ಕವನಿದ್ದಾಗ ದೊಡ್ಡಪ್ಪನ ಮನೆಗೆ ಹೋದರೆ ಮೊದಲ ದಿನ ಮೂಗು ಮುಚ್ಚಿಕೊಂಡೇ ಊಟ ಮಾಡ್ತಿದ್ದೆ. ಅವರಿಗೆ ಮಾತ್ರ ಏನೂ ಅನ್ನಿಸ್ತಿರಲಿಲ್ಲ. ಎಷ್ಟೋ ವರ್ಷ ಅಲ್ಲೇ ಶಿಫ್ಟ್ ಮಾಡಿದವರು.

ಎರಡು ವರ್ಷದ ಹಿಂದೆ ಅವರ ಜತೆ ಸಂಜೆ ಅದೇ ರಸ್ತೆಯಲ್ಲಿ ನಡೆದಿದ್ದೆ. ಒಂದು ತಿರುವಿನಲ್ಲಿ ಥಟ್ಟನೆ ನಿಂತರು. "ಇಲ್ಲೇನೋ ಸರಿ ಇಲ್ಲ ಕಣೋ, ಬಾ ಹೋಗಣ" ಅಂದರು. ನನಗೆ ಕಂಡಿದ್ದು ಆಳೆತ್ತರದ ಹುಲ್ಲು, ಒಡೆದ ಹೆಂಚು, ಅಷ್ಟೇ. ರಾತ್ರಿ ಊಟದ ನಡುವೆ ಕೈ ನಿಲ್ಲಿಸಿ ಹೇಳಿದರು: "ಆ ತಿರುವಲ್ಲಿ ವಾಸನೆನೇ ಬರಲಿಲ್ಲವಲ್ಲೋ."

ಕಾರ್ಖಾನೆ ನಿಂತಿದ್ದು ಅವರಿಗೆ ಗೊತ್ತಿಲ್ಲವೇ? ಗೊತ್ತು. ಅವರ ಮೂಗು ಮಾತ್ರ ಅಲ್ಲಿ ಇನ್ನೂ ಕಾಯ್ತಾ ಇತ್ತು. ನನಗೆ ಮೈ ಜುಮ್ಮೆಂದಿದ್ದು ಆಗ. ಯಾವ ಗೂಬೆಯೂ ಬೇಕಾಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಬರೆದಿರುವ ಒಂದು ಪ್ರಸಂಗ ಇದೆ. ಅಗ್ನಿಶಾಮಕ ದಳದ ಅಧಿಕಾರಿಯೊಬ್ಬ ಮನೆಯೊಂದರ ಅಡುಗೆಮನೆಯ ಬೆಂಕಿಗೆ ನೀರು ಹೊಡೆಸ್ತಾ ಇದ್ದಾನೆ. ಬೆಂಕಿ ಜಗ್ಗುತ್ತಿಲ್ಲ. ಇದ್ದಕ್ಕಿದ್ದಂತೆ ಎಲ್ಲರನ್ನೂ ಹೊರಗೆ ಕರೆಸ್ತಾನೆ, ಸ್ವಲ್ಪ ಹೊತ್ತಿಗೇ ಅವರು ನಿಂತಿದ್ದ ನೆಲ ಕುಸಿಯುತ್ತೆ. ಬೆಂಕಿ ಇದ್ದದ್ದು ಕೆಳಗೆ, ನೆಲಮಾಳಿಗೆಯಲ್ಲಿ! ತನಗೆ ಅತೀಂದ್ರಿಯ ಶಕ್ತಿ ಇದೆ ಅಂತಲೇ ಆತ ನಂಬಿದ್ದ. ಕೆದಕಿ ಕೇಳಿದಾಗ ಗೊತ್ತಾಗಿದ್ದು ಬೇರೆ. ಆ ಬೆಂಕಿಗೆ ಕೋಣೆ ಅಷ್ಟು ಕಾಯಬಾರದಿತ್ತು, ಅಷ್ಟು ಕಾದಿದ್ದ ಬೆಂಕಿ ಅಷ್ಟು ಸದ್ದಿಲ್ಲದೆ ಇರಬಾರದಿತ್ತು. ಹಿಂದೆ ನೋಡಿದ್ದ ಬೆಂಕಿಗಳು ಅವನಿಗೆ ಕಲಿಸಿದ್ದ ಪಾಠ ಅದು.

ದೆವ್ವ ಬೇಡ ಅಂತ ನಾನು ಹೇಳ್ತಿಲ್ಲ (ರಾತ್ರಿ ಒಬ್ಬನೇ ಇದ್ದರೆ ನಾನೂ ಲೈಟ್ ಹಾಕೇ ಮಲಗೋನು). ಮಲೆನಾಡಲ್ಲಿ ಚೌಡಿ ಬನ, ಭೂತದ ಬನ ಬೇಕಾದಷ್ಟಿವೆ. ಆದರೆ ಬನದ ಪಕ್ಕ ಬೆಳೆದ ಮಗು ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಮಾತು ನಿಲ್ಲಿಸಬೇಕು ಅಂತ ಅಮ್ಮನ ಕೈ ಹಿಡಿದು ಕಲಿತಿರುತ್ತೆ. ಆ ಭಯಕ್ಕೂ ಒಂದು ಬಾಲ್ಯ ಇರುತ್ತೆ. 1980ರ 'ಕರ್ವಾಲೊ' ನೋಡಿ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಿಗೆ ಕಾಡು ಗೊತ್ತು. ತೇಜಸ್ವಿ ಅವನಿಗೆ ಪೂರ್ವಜನ್ಮ ಕೊಡಲಿಲ್ಲ, ಜೇನು ಹುಡುಕಿ ಅಲೆಯೋ ಕಾಲು ಕೊಟ್ಟರು. ವಿಜ್ಞಾನಿ ಕರ್ವಾಲೊ ಅವನ ಹಿಂದೆ ಬಿದ್ದದ್ದು ಅದಕ್ಕೇ.

ನನ್ನ ಸಿಟ್ಟು ಇಷ್ಟೇ. ಬಸ್ಸಿಳಿದ ಅರ್ಧ ಗಂಟೆಗೆ ಬೆಂಗಳೂರಿನ ಹುಡುಗನಿಗೆ ಊರಿನ ಗುಟ್ಟೆಲ್ಲ ಹೊಳೆದುಬಿಟ್ಟರೆ, ದೊಡ್ಡಪ್ಪನಂಥವರು ಕತೆಯಲ್ಲಿ ಯಾಕಿರಬೇಕು? ಗೆಳೆಯನ ಕತೆಯಲ್ಲಿ ಅವರ ಕೆಲಸ ಒಂದೇ, ಗೇಟಿನ ಹತ್ತಿರ ಬೀಡಿ ಸೇದುತ್ತಾ "ಒಳಗೆ ಹೋಗಬೇಡಿ ಸಾರ್" ಅನ್ನೋದು! ಜಾಗ ಬಲ್ಲವನನ್ನ ವಾಚ್‌ಮನ್ ಮಾಡಿ, ಏನೂ ಅರಿಯದವನಿಗೆ ಹೀರೋ ಪಟ್ಟ ಕಟ್ಟಿದರೆ ಹೆಂಗ್ರೀ?

ಇದನ್ನೆಲ್ಲ ಹೇಳಿದ ಮೇಲೆ ಅವನು ಫೋನ್ ಎತ್ತುತ್ತಿಲ್ಲ. ನಿನ್ನೆ ಮಾತ್ರ ಒಂದು ಮೆಸೇಜ್ ಬಂತು: "ನಿಮ್ಮ ದೊಡ್ಡಪ್ಪ ಭಾನುವಾರ ಮನೇಲಿರ್ತಾರಾ?"