ದಾರವೆಂಬ ಹಗುರ ಮಾತು

ದಾರ ಎಂದಾಕ್ಷಣ ನೆನಪಾಗುವುದು ಸೂಜಿ, ಗುಂಡಿ, ಹೂಮಾಲೆ. ಅಪಾಯದ ನೆರಳು ಆ ಶಬ್ದದ ಮೇಲೆ ಬಿದ್ದಿಲ್ಲ. ಮುಖದ ಜೋತುಬಿದ್ದ ಚರ್ಮವನ್ನು ಒಳಗಿನಿಂದ ಎತ್ತಿ ನಿಲ್ಲಿಸುವ ‘ಥ್ರೆಡ್ ಲಿಫ್ಟ್’ ಮುಂಬಯಿ, ದೆಹಲಿಗಳಂಥ ನಗರಗಳಲ್ಲಿ ಇಷ್ಟು ಸಲೀಸಾಗಿ ಬಿಕರಿಯಾಗುವುದರಲ್ಲಿ ಈ ಶಬ್ದದ ಮುಗ್ಧತೆಯ ಪಾಲೂ ಇದೆಯೆಂದು ನನಗನ್ನಿಸುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಸಂಜೆಗೆ ಮನೆ ಎನ್ನುತ್ತವೆ ಜಾಹೀರಾತುಗಳು.

1990ರ ದಶಕದ ಕೊನೆಯಲ್ಲಿ ಶಸ್ತ್ರವೈದ್ಯ ಮಾರ್ಲೆನ್ ಸುಲಮಾನಿದ್ಜೆ ಬಳಕೆಗೆ ತಂದ ದಾರ ಕರಗದ ಪಾಲಿಪ್ರೊಪಿಲೀನ್‌ನದು. ಅದರ ಮೈತುಂಬ ಸೂಕ್ಷ್ಮ ಮುಳ್ಳುಗಳು. ಇಂದು ಹೆಚ್ಚಾಗಿ ಬಳಸುವ ಪಾಲಿಡಯಾಕ್ಸನೋನ್ ದಾರ ಸುಮಾರು 6ರಿಂದ 8 ತಿಂಗಳಲ್ಲಿ ದೇಹದೊಳಗೇ ಕರಗುತ್ತದೆ. ಆದರೆ ಮುಳ್ಳಿನ ಸ್ವಭಾವ ಬದಲಾಗಿಲ್ಲ. ಹಿಡಿದು ನಿಲ್ಲಿಸಲೆಂದು ಇಟ್ಟ ಮುಳ್ಳೇ, ದಾರವನ್ನು ಹೊರಗೆಳೆಯುವಾಗ ಅಡ್ಡಬರುತ್ತದೆ. ಹಾಕುವುದು ಸುಲಭ, ತೆಗೆಯುವುದು ಕಷ್ಟ. ಆದ್ದರಿಂದ ತೆಗೆಯಲು ಬಾರದವರು ಹಾಕಲೂಬಾರದು ಎಂಬುದು ನನ್ನ ವಾದ.

ಊತ, ನೀಲಿಗಟ್ಟುವಿಕೆ ಸಾಮಾನ್ಯ, ತಾವಾಗಿ ಇಳಿಯುತ್ತವೆ. ಕೆನ್ನೆಯಲ್ಲಿ ಗುಳಿ ಬಿದ್ದರೆ ಹೆಚ್ಚಿನವು ಒಂದೆರಡು ವಾರಗಳಲ್ಲಿ ಸಮವಾಗುತ್ತವೆ. ಉಳಿದದ್ದನ್ನು ವೈದ್ಯರು ಹದವಾಗಿ ಒತ್ತಿ ತಿದ್ದುತ್ತಾರೆ, ಇಲ್ಲವೇ ಸೂಜಿಯಿಂದ ಚರ್ಮದಡಿಯ ಬಿಗಿತವನ್ನು ಬಿಡಿಸುತ್ತಾರೆ. ದಾರದ ತುದಿ ಹೊರಗೆ ಇಣುಕಿದರೆ ಅದನ್ನು ಶುಚಿಯಾದ ಉಪಕರಣದಿಂದ ಕತ್ತರಿಸಬೇಕು ಅಥವಾ ತೆಗೆಯಬೇಕು. ಕನ್ನಡಿಯ ಮುಂದೆ ನಿಂತು ತಾವೇ ಎಳೆಯುವ ಸಾಹಸ ಬೇಡ. ಅಪರೂಪಕ್ಕೆ ಮುಖದ ನರಕ್ಕೋ ಜೊಲ್ಲುಗ್ರಂಥಿಗೋ ಪೆಟ್ಟಾಗುವುದುಂಟು. ಮರಗಟ್ಟಿಸುವ ಮದ್ದಿನ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯಬೇಕು. ಆಮೇಲೂ ತುಟಿ ಒಂದು ಕಡೆಗೆ ವಾಲಿದ್ದರೆ ಕಾಯುತ್ತ ಕೂರುವಂತಿಲ್ಲ.

ನಿಜವಾದ ಕಷ್ಟ ಸೋಂಕಿನದು. ‘ಹೇಗಿದ್ದರೂ ಕರಗುತ್ತದಲ್ಲ’ ಎಂಬ ಸಮಾಧಾನ ಕೀವಿಗೆ ಅನ್ವಯಿಸದು. ಪ್ರತಿಜೀವಕಕ್ಕೆ ಬಗ್ಗದಿದ್ದರೆ ದಾರವನ್ನು ತೆಗೆಯಲೇಬೇಕು. ತಡವಾದಷ್ಟೂ ಸುತ್ತಲಿನ ಮಾಂಸ ಗಟ್ಟಿಯಾಗಿ ಅದನ್ನು ಹುಡುಕುವುದೇ ದುಸ್ತರ. ವಾರಗಳ ನಂತರ ನೋವಿಲ್ಲದ ಗಂಟುಗಳೆದ್ದರೆ, ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ ಇತರ ಮೈಕೋಬ್ಯಾಕ್ಟೀರಿಯಾಗಳನ್ನೂ ಶಂಕಿಸಬೇಕಾಗುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ಅವು ತಪ್ಪಿಸಿಕೊಳ್ಳಬಲ್ಲವು, ಚಿಕಿತ್ಸೆ ತಿಂಗಳುಗಟ್ಟಲೆ. ಮುಖವನ್ನು ಎತ್ತಿದ ಪರಿಣಾಮವಾದರೋ ಬಹಳ ಮಂದಿಯಲ್ಲಿ ವರ್ಷದೊಳಗೇ ಮಾಸುತ್ತದೆ.

ಹಾಗೆಂದು ಈ ಚಿಕಿತ್ಸೆಗೆ ಹೋಗುವವರನ್ನು ಗೇಲಿಮಾಡುವವರ ಸಾಲಿಗೆ ನಾನು ಸೇರಲಾರೆ. ವಯಸ್ಸಾದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವ ನಾವೇ, ಮದುವೆಮನೆಯಲ್ಲಿ ‘ಏನ್ರೀ, ಇಷ್ಟು ಇಳಿದುಹೋಗಿದ್ದೀರಲ್ಲ’ ಎಂದೂ ಅನ್ನುತ್ತೇವೆ. ಈ ನಗೆಗೆ ಹೆದರಿಯೇ ಜನ ಗುಟ್ಟಾಗಿ ಹೋಗುತ್ತಾರೆ. ಕೆನ್ನೆ ಕೆಂಪೇರಿ ಬಾತಾಗಲೂ ಹಲ್ಲುನೋವೆಂದು ಮನೆಯವರಿಗೆ ಸುಳ್ಳು ಹೇಳಬೇಕಾಗುತ್ತದೆ. ಚಿಕಿತ್ಸೆಗೆ ಅತ್ಯಮೂಲ್ಯವಾದ ಮೊದಲ ದಿನಗಳು ಹೀಗೆ ಕಳೆದುಹೋಗುತ್ತವೆ.

ಹೋಗುವವರು ಹೋಗಲಿ. ಆದರೆ ದಾರದ ಹೆಸರು, ಸಂಖ್ಯೆ, ಹಾಕಿದ ಜಾಗಗಳನ್ನು ಬರೆಸಿಕೊಂಡು, ಪೊಟ್ಟಣದ ಮೇಲಿನ ಚೀಟಿಯನ್ನೂ ಕೇಳಿ ಇಟ್ಟುಕೊಳ್ಳಲಿ. ಮುಂದೆ ಇನ್ನೊಬ್ಬ ವೈದ್ಯರ ಬಳಿ ಹೋಗಬೇಕಾಗಿ ಬಂದರೆ, ಎಲ್ಲಿ ಹುಡುಕಬೇಕೆಂದು ಅವರಿಗೆ ತಿಳಿಯುವುದು ಆ ಚೀಟಿಯಿಂದಲೇ.