ಗೋಡೆ ಫೋಟೊದಲ್ಲಿ ಚೆನ್ನಾಗಿತ್ತು

ಗುಂಡ್ಲುಪೇಟೆಯ ನಮ್ಮ ಮನೆಯ ನಡುಮನೆಗೆ ನಾನು ಬಣ್ಣ ಆರಿಸಿದ್ದು ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ನಿಂತುಕೊಂಡು. ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಫೋಟೊವನ್ನು ಪೇಂಟ್ ಆ್ಯಪಿಗೆ ಹಾಕಿದೆ, ಗೋಡೆ ಮೇಲೆ ಬೆರಳಿಟ್ಟೆ, ಕೆಳಗಿನ ಪಟ್ಟಿಯಲ್ಲಿ ನವಿಲು ಹಸಿರು ಮುಟ್ಟಿದೆ. ಎರಡೇ ಸೆಕೆಂಡ್. ವರ್ಷಗಟ್ಟಲೆ ಸುಣ್ಣ, ಡಿಸ್ಟೆಂಪರ್ ಕಂಡ ಗೋಡೆ ಹೋಟೆಲ್ ಲಾಬಿ ಥರ ಆಯ್ತು. ಕ್ಯಾಲೆಂಡರ್ ಅಲ್ಲೇ ಇತ್ತು, ಸ್ವಿಚ್ ಬೋರ್ಡ್ ಅಲ್ಲೇ ಇತ್ತು, ಮೂಲೆಯ ನೆರಳು ಕೂಡ ಇದ್ದ ಹಾಗೇ ಇತ್ತು. ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸಿದೆ.

‘ಚೆಂದಾಗದ ಕನ ಮಗ, ನಿನ್ನಿಷ್ಟ’ ಅಂದ್ರು.

‘ನಿನ್ನಿಷ್ಟ’ ಅನ್ನೋದನ್ನ ನಾನು ಒಪ್ಪಿಗೆ ಅಂತ ತಗೊಂಡೆ.

ಆ ಬಣ್ಣ ಸುಮ್ಮನೆ ಆರಿಸಿದ್ದಲ್ಲ. ಚಾಮರಾಜನಗರದಲ್ಲಿರುವ ಅಕ್ಕನ ಹೊಸ ಮನೆಯ ಹಾಲ್‌ಗೆ ಅದೇ ಬಣ್ಣ ಹೊಡೆಸಿದ್ದರು. ಕಣ್ಣಾರೆ ನೋಡಿದ್ದೆ, ಇಷ್ಟ ಆಗಿತ್ತು. ಹಾಗಾಗಿ ಅದೇ ಕೋಡ್ ನಂಬರ್ ಅಂಗಡಿಯವರಿಗೆ ಕೊಟ್ಟು ಬಕೆಟ್ಟು ಟಿಂಟ್ ಮಾಡಿಸಿದ್ದಾಯ್ತು. ಪೇಂಟರ್ ನಾಲ್ಕು ದಿನದಲ್ಲಿ ಮುಗಿಸಿದರು. ವಿಡಿಯೊ ಕಾಲ್‌ನಲ್ಲಿ ನೋಡಿದೆ, ಆ್ಯಪಿನಲ್ಲಿ ಕಂಡ ಹಾಗೇ ಇತ್ತು. ಫೋಟೊವನ್ನ ಆಫೀಸಿನ ಗ್ರೂಪಿಗೂ ಹಾಕಿದೆ. ಲೈಕ್ಸ್ ಬಂತು.

ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಜಗುಲಿ ಮೇಲೆ ಕೂತು ಹೂ ಕಟ್ತಾ ಇದ್ದರು. ಸ್ವಲ್ಪ ಹನಿ ಬೀಳ್ತಾ ಇತ್ತು, ಗಾಳಿ ತಣ್ಣಗಿತ್ತು, ಹೆಗಲ ಮೇಲೆ ಶಾಲು. ನಮ್ಮಮ್ಮ ದಿನಾ ಬೆಳಗ್ಗೆ ನಡುಮನೆಯಲ್ಲಿ ಕೂತು ಹೂ ಕಟ್ಟಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕೊಡ್ತಾರೆ. ಅಪ್ಪ ಹೋದ ಮೇಲೆ ದಿನ ಕಳೆಯೋಕೆ ಅಂತ ಶುರುವಾದ ಕೆಲಸ. ‘ಯಾಕೆ ಹೊರಗೆ ಕೂತಿದೀಯ’ ಅಂದೆ. ‘ಗಾಳಿ ಬತ್ತದ’ ಅಂದ್ರು. ಎರಡನೇ ದಿನವೂ ಗಾಳಿ. ಮೂರನೇ ದಿನ ಪಕ್ಕದ ಮನೆಯವರು ನಿಜ ಹೇಳಿದರು. ಬಣ್ಣ ಹೊಡೆಸಿದಾಗಿನಿಂದ ಅಮ್ಮನಿಗೆ ಒಳಗೆ ದಾರ ಕಾಣಲ್ಲವಂತೆ. ಎಡಗಣ್ಣಲ್ಲಿ ಪೊರೆ ಬಂದಿರೋದು ನನಗೆ ಗೊತ್ತಿತ್ತು. ಒಂದು ಸಲ ಹೊಸಲು ಎಡವಿ ಮಂಡಿ ತರಚಿಕೊಂಡಿದ್ದರಂತೆ. ಅದು ಮಾತ್ರ ಗೊತ್ತಿರಲಿಲ್ಲ.

ನಡುಮನೆಯೊಳಗೆ ಹೋಗಿ ಸುಮ್ಮನೆ ಕೂತೆ. ಹಗಲು ಹನ್ನೊಂದು ಗಂಟೆ. ಹಸಿರು ಅಲ್ಲಿ ಹಸಿರಾಗೇ ಇರಲಿಲ್ಲ, ನೆನೆದ ಗೋಣಿಚೀಲದ ಬಣ್ಣ ಇತ್ತು. ಫೋನ್ ತೆಗೆದು ಅದೇ ಗೋಡೆಯ ಫೋಟೊ ಹೊಡೆದೆ. ಫೋಟೊದಲ್ಲಿ ಮತ್ತೆ ನವಿಲು ಹಸಿರು!

ನಾನು ಕೋಡ್ ಬರೆದು ಸಂಬಳ ತಗೊಳ್ಳೋನು. ಈ ಆ್ಯಪುಗಳ ಒಳಗೆ ಏನು ನಡೆಯುತ್ತೆ ಅಂತ ಆವತ್ತು ರಾತ್ರಿ ಕೂತು ಸರಿಯಾಗಿ ಓದಿದೆ. ಮೊದಲ ಕೆಲಸ, ಫೋಟೊದಲ್ಲಿ ಗೋಡೆ ಯಾವುದು ಅಂತ ಗುರುತಿಸೋದು. ಹಿಂದೆ ಅಂಚುಗಳನ್ನು ಹುಡುಕಿ, ಒಂದೇ ಥರದ ಬಣ್ಣ ಎಲ್ಲಿವರೆಗೆ ಹರಡಿದೆ ಅಂತ ನೋಡ್ತಿದ್ದರು. ಈಗ ಸಾವಿರಾರು ಕೋಣೆಗಳ ಫೋಟೊ ತೋರಿಸಿ ತರಬೇತಿ ಕೊಟ್ಟ ನ್ಯೂರಲ್ ನೆಟ್‌ವರ್ಕ್ ಪ್ರತಿ ಪಿಕ್ಸೆಲ್‌ಗೂ ಗೋಡೆ, ನೆಲ, ಕಿಟಕಿ ಅಂತ ಚೀಟಿ ಅಂಟಿಸುತ್ತೆ. ಎರಡನೆಯದು ಬಣ್ಣ ಬದಲಿಸೋದು. 1976ರಲ್ಲಿ ಬಂದ ‘ಲ್ಯಾಬ್’ ಅನ್ನೋ ಬಣ್ಣದ ಲೆಕ್ಕದಲ್ಲಿ ಹೊಳಪು ಬೇರೆ, ಬಣ್ಣ ಬೇರೆ. ಇಂಥ ಲೆಕ್ಕ ಬಳಸಿದರೆ ಗೋಡೆಯ ಏರುಪೇರು ಹೊಳಪನ್ನ ಹಾಗೇ ಉಳಿಸಿ, ಬಣ್ಣ ಮಾತ್ರ ತೆಗೆದು ಹೊಸದು ಕೂರಿಸಬಹುದು. ಹಳೆಯ ನೆರಳು, ಬಿರುಕು ಎಲ್ಲಾ ಉಳಿಯೋದರಿಂದ ನಮ್ಮ ಕಣ್ಣು ನಂಬುತ್ತೆ.

ತಪ್ಪಿರೋದೂ ಅಲ್ಲೇ. ಆ ನೆರಳು ಬೆಳಕು ಬಿಳಿ ಗೋಡೆಯದ್ದು. ಗೋಡೆ ಹಸಿರಾದ ಮೇಲೆ ಕೋಣೆಯ ಬೆಳಕೇ ಬದಲಾಗುತ್ತೆ.

ಸಣ್ಣ ಲೆಕ್ಕ ಹೇಳ್ತೀನಿ. ಕಿಟಕಿಯಿಂದ 100 ಪಾಲು ಬೆಳಕು ಬಂತು ಅಂದ್ಕೊಳ್ಳಿ. ಸುಣ್ಣದಂಥ ಬಿಳಿ ಗೋಡೆ 80 ಪಾಲನ್ನ ವಾಪಸ್ ಎಸೆಯುತ್ತೆ ಅಂತಿಟ್ಟುಕೊಂಡರೆ, ಅದು ಎದುರು ಗೋಡೆಗೆ ಬಡಿದು 64, ಮತ್ತೆ ಬಡಿದು 51. ಹೀಗೆ ಬೆಳಕು ಮನೆಯೊಳಗೆ ಓಡಾಡ್ತಾನೇ ಇರುತ್ತೆ. ಗಾಢ ಬಣ್ಣ 20 ಪಾಲು ಮಾತ್ರ ಎಸೆದರೆ ಎರಡನೇ ಸಲಕ್ಕೆ 4, ಮೂರನೇ ಸಲಕ್ಕೆ 1 ಕೂಡ ಇಲ್ಲ. ಒಂದೇ ಕಿಟಕಿಯ ಹೆಂಚಿನ ಮನೆಯಲ್ಲಿ ಮೂಲೆಗೆ ಬೆಳಕು ಮುಟ್ಟಿಸೋದು ಈ ಎರಡನೇ, ಮೂರನೇ ಪುಟಿತವೇ. ನಾನು ಅದನ್ನೇ ಬಂದ್ ಮಾಡಿದ್ದೆ.

ಇನ್ನು ನಮ್ಮ ನೆಲ. ಹಳೆಯ ರೆಡ್ ಆಕ್ಸೈಡ್ ನೆಲ, ಒರೆಸಿದರೆ ಕನ್ನಡಿ. ಅದರ ಮೇಲೆ ಬಿದ್ದ ಬೆಳಕು ಕೆಂಪಾಗಿ ಗೋಡೆಗೆ ಏರುತ್ತೆ. ಹಸಿರು ಬಣ್ಣ ಕೆಂಪು ಬೆಳಕನ್ನ ನುಂಗುತ್ತೆ, ವಾಪಸ್ ಕೊಡೋದು ತೀರಾ ಕಡಿಮೆ. ಗೋಣಿಚೀಲದ ಬಣ್ಣ ಬಂದದ್ದು ಹೀಗೆ. ಬಣ್ಣ ಒಂದು ಮೈಯಿಂದ ಇನ್ನೊಂದಕ್ಕೆ ಸೋರೋದನ್ನ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1984ರಲ್ಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಬಣ್ಣದ ಗೋಡೆಗಳಿರುವ ಒಂದು ಪೆಟ್ಟಿಗೆ, ಅಷ್ಟೇ. ಆ ವಿಧಾನದ ಹೆಸರು ರೇಡಿಯಾಸಿಟಿ, ಅದರ ಮೂಲ ಶಾಖ ಹರಿಯುವ ಮೆಕ್ಯಾನಿಕಲ್ ಎಂಜಿನಿಯರಿಂಗ್ ಲೆಕ್ಕ. ಆದರೆ ಅದಕ್ಕೆ ಇಡೀ ಕೋಣೆಯ ಅಳತೆ, ಕಿಟಕಿ ಎಲ್ಲಿದೆ, ನೆಲ ಯಾವುದು ಎಲ್ಲಾ ಗೊತ್ತಿರಬೇಕು. ಒಂದು ವಾಟ್ಸ್‌ಆ್ಯಪ್ ಫೋಟೊದಲ್ಲಿ ಅದೆಲ್ಲ ಎಲ್ಲಿರುತ್ತೆ?

ಫೋನಿನ ಕ್ಯಾಮೆರಾದ್ದೂ ಒಂದು ಪಾಲಿದೆ. ಕತ್ತಲಿದ್ದರೆ ಅದು ತಾನೇ ಎಕ್ಸ್‌ಪೋಷರ್ ಏರಿಸಿ ಬೆಳಕು ಮಾಡುತ್ತೆ. ಅಮ್ಮನ ಕಣ್ಣಿಗೆ ಆ ಸೌಲಭ್ಯ ಇಲ್ಲ. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕು, ಪೊರೆ ಇದ್ದರೆ ಇನ್ನೂ ಹೆಚ್ಚು.

ಹಾಗಾದರೆ ಅಕ್ಕನ ಮನೆಯಲ್ಲಿ ಅದೇ ಬಣ್ಣ ಹೇಗೆ ಕೂತಿತು? ಮಾರನೇ ದಿನ ತೆರಕಣಾಂಬಿ ಮೇಲಿನ ಬಸ್ ಹತ್ತಿ ಚಾಮರಾಜನಗರಕ್ಕೆ ಹೋದೆ. ಊರು ಕರಿಕಲ್ಲಿಗೆ ಹೆಸರುವಾಸಿ, ಆದರೆ ಅಕ್ಕನ ಹಾಲ್‌ನ ನೆಲ ಬಿಳಿ ಟೈಲ್ಸ್. ತಲೆ ಮೇಲೆ ಬಿಳಿ ಆರ್‌ಸಿಸಿ. ಪೂರ್ವಕ್ಕೆ ಗೋಡೆಯಗಲದ ಕಿಟಕಿ. ಹಸಿರು ಒಂದೇ ಗೋಡೆಗೆ, ಉಳಿದ ಮೂರು ಬಿಳಿ. ನಾನು ಕೋಡ್ ನಂಬರ್ ಬರ್ಕೊಂಡು ಬಂದಿದ್ದೆ, ಮನೆ ನೋಡಿರಲಿಲ್ಲ.

ವಾಪಸ್ ಬಂದು ಪೇಂಟರನ್ನ ಕರೆಸಿದೆ. ‘ಅವತ್ತೇ ಅಮ್ಮಾವ್ರಿಗೆ ಹೇಳ್ದೆ ಸಾರ್, ಕತ್ತಲ ಮನೆಗೆ ಈ ಬಣ್ಣ ಬ್ಯಾಡ ಅಂತ. ಮಗ ಕಂಪ್ಯೂಟ್ರಲ್ಲಿ ನೋಡವ್ನೆ ಅಂದ್ರು’ ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮನಿಗೂ ಮೊದಲೇ ಗೊತ್ತಿತ್ತು. ವರ್ಷಕ್ಕೊಂದು ಸಲ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದ ಕೈ ಅದು. ನೀಲಿ ಯಾಕೆ ಅಂದರೆ ‘ಹಳದಿ ತಿರುಗಬಾರದು, ಬೆಳಕು ಬರಬೇಕು’ ಅಂತಾರೆ. ಆದರೆ ಇಂಜಿನಿಯರ್ ಮಗ ಫೋಟೊ ಕಳಿಸಿದ್ದ.

ಗಾಢ ಬಣ್ಣದ ಮೇಲೆ ತಿಳಿ ಬಣ್ಣ ಬರಿಸೋಕೆ ಪ್ರೈಮರ್ ಬೇಕು, ಕೋಟ್ ಹೆಚ್ಚು ಬೇಕು. ಟಿಂಟ್ ಮಾಡಿದ ಬಣ್ಣ ಅಂಗಡಿಯವರು ವಾಪಸ್ ತಗೊಳ್ಳಲ್ಲ. ಖರ್ಚು ಮೊದಲಿಗಿಂತ ಜಾಸ್ತಿ ಆಯ್ತು. ಜೊತೆಗೆ ಸೂರಿನಲ್ಲಿ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಬೆಳಕು ಕೊಟ್ಟದ್ದು ಅದೇ.

ಆ್ಯಪ್ ಬಳಸಬೇಡಿ ಅಂತ ನಾನು ಹೇಳ್ತಿಲ್ಲ. ಹತ್ತು ಬಣ್ಣವನ್ನ ಎರಡಕ್ಕೆ ಇಳಿಸೋಕೆ ಅದಕ್ಕಿಂತ ಸುಲಭ ದಾರಿ ಇಲ್ಲ. ಆಮೇಲಿನದ್ದು ಮಾತ್ರ ಕೋಣೆಯಲ್ಲೇ ಆಗಬೇಕು. ಆ ಎರಡು ಬಣ್ಣದ ಸಣ್ಣ ಡಬ್ಬಿ ತಂದು, ಎರಡಡಿ ಅಗಲದ ರಟ್ಟಿನ ಮೇಲೆ ಎರಡು ಕೋಟ್ ಹೊಡೆಯಿರಿ. ರಟ್ಟನ್ನ ಕಿಟಕಿ ಪಕ್ಕ, ಎದುರು ಮೂಲೆ, ನೆಲದ ಹತ್ತಿರ ಇಟ್ಟು ಬೆಳಗ್ಗೆ, ಸಂಜೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿ. ಫೋನಿನಲ್ಲಿ ನೋಡುವಾಗ ನೈಟ್ ಮೋಡ್ ಆಫ್ ಇರಲಿ. ಅಂಗಡಿಯಲ್ಲಿ ಎಲ್‌ಆರ್‌ವಿ ಎಷ್ಟು ಅಂತ ಕೇಳಿ. ಬಣ್ಣ ಎಷ್ಟು ಬೆಳಕನ್ನ ವಾಪಸ್ ಕೊಡುತ್ತೆ ಅನ್ನೋ 0ಯಿಂದ 100ರ ಅಂಕಿ ಅದು, ಹಲವು ಕಂಪನಿಗಳ ಶೇಡ್ ಕಾರ್ಡಿನಲ್ಲಿ ಇರುತ್ತೆ. ಗಾಢ ಬಣ್ಣ ಬೇಕೇ ಬೇಕು ಅಂದರೆ ಕಿಟಕಿ ಇರುವ ಗೋಡೆಗೇ ಹೊಡೆಸಿ. ಕಿಟಕಿಯ ಬೆಳಕು ನೇರವಾಗಿ ಆ ಗೋಡೆ ಮೇಲೆ ಬೀಳಲ್ಲ, ಹಾಗಾಗಿ ನಷ್ಟ ಕಡಿಮೆ. ಎಲ್ಲಕ್ಕಿಂತ ಮೊದಲು, ಆ ಕೋಣೆಯಲ್ಲಿ ದಿನವಿಡೀ ಇರೋರು ಯಾರು, ಅಲ್ಲಿ ಏನು ಕೆಲಸ ಮಾಡ್ತಾರೆ ಅಂತ ಕೇಳಿ. ‘ನಿನ್ನಿಷ್ಟ’ ಅಂದರೆ ಇನ್ನೊಂದು ಸಲ ಕೇಳಿ.

ನಮ್ಮಲ್ಲೂ ಕಿಟಕಿ ಗೋಡೆ ಹಸಿರಾಗೇ ಉಳಿದಿದೆ. ‘ಅಷ್ಟು ದುಡ್ಡು ಸುರಿದಿದೀಯ, ಒಂದಿರ್ಲಿ ಬುಡು’ ಅಂದ್ರು ಅಮ್ಮ. ಉಳಿದದ್ದು ಸಾದಾ ಆಫ್‌ವೈಟ್. ವಿಡಿಯೊ ಕಾಲ್‌ನಲ್ಲಿ ನಮ್ಮ ನಡುಮನೆ ಈಗ ಅಷ್ಟೇನೂ ಸ್ಟೈಲಾಗಿ ಕಾಣಲ್ಲ. ಅಮ್ಮ ಮಾತ್ರ ಒಳಗೇ ಕೂತು ಹೂ ಕಟ್ತಾ ಮಾತಾಡ್ತಾರೆ.